ಕೇಳಿಸಿಕೊಳ್ಳುವ ಪಾಠ: ತಂಬೂರಿಯಿಂದ ಎಲೆಕ್ಟ್ರಾನಿಕ್ ಸಂಗೀತಕ್ಕೆ

ಪ್ರೌಢಶಾಲೆಯ ವಿಜ್ಞಾನದಲ್ಲಿ ಬರುವ ಶಬ್ದದ ಘಟಕವನ್ನು ಅಭ್ಯಾಸ ಬೋಧನೆಯಲ್ಲಿ ಕಂಪನ, ಆವೃತ್ತಿ, ಹರ್ಟ್ಸ್ ಎಂಬ ವ್ಯಾಖ್ಯೆಗಳಲ್ಲೇ ಮುಗಿಸುವುದುಂಟು. ಮಕ್ಕಳು ಬರೆದುಕೊಳ್ಳುತ್ತಾರೆ, ಕಿವಿಗೆ ಮಾತ್ರ ಕೆಲಸವಿರುವುದಿಲ್ಲ. ಯಲಹಂಕ, ಹೆಬ್ಬಾಳದ ಕಡೆಯ ಶಾಲೆಗಳಿಗೆ ಹೊಂದುವ 40 ನಿಮಿಷಗಳ ಪಾಠಕ್ರಮವೊಂದು ಇಲ್ಲಿದೆ.

ಪೀಠಿಕೆ (5 ನಿಮಿಷ): ಎರಡು ನಿಮಿಷ ಎಲ್ಲರೂ ಕಣ್ಣು ಮುಚ್ಚಿ ಕೂರಲಿ. ವಿಮಾನ, ಬಸ್ಸಿನ ಹಾರನ್, ಫ್ಯಾನಿನ ಗುಂಯ್‌ಗುಟ್ಟುವಿಕೆ, ಕೇಳಿಸಿದ್ದನ್ನೆಲ್ಲ ಪಟ್ಟಿ ಮಾಡಲಿ. ಯಾವುದು ನಿರಂತರ, ಯಾವುದು ಬಂದುಹೋಗುವಂಥದ್ದು ಎಂದು ವಿಂಗಡಿಸಲಿ.

ವಿಷಯ ಮಂಡನೆ (12 ನಿಮಿಷ): ನಿರಂತರ ನಾದಕ್ಕೆ ನಮ್ಮ ಉದಾಹರಣೆ ತಂಬೂರಿ. ಮಂದ್ರ ಷಡ್ಜ 120 ಹರ್ಟ್ಸ್ ಆದರೆ ಪಂಚಮ 180, ಮಧ್ಯ ಷಡ್ಜ 240. ಕಪ್ಪುಹಲಗೆಯ ಮೇಲೆ 2:3, 1:2 ಅನುಪಾತಗಳನ್ನು ಮಕ್ಕಳೇ ಕಂಡುಕೊಳ್ಳಲಿ. 1970ರ ದಶಕದ ಕೊನೆಯಲ್ಲಿ ಇದೇ ನಾದವನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ತಂದವರು ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್, ಅವರ ಸಂಸ್ಥೆ ರಾಡೆಲ್. ಅದೇ ಕಾಲಕ್ಕೆ, 1978ರಲ್ಲಿ, ಇಂಗ್ಲೆಂಡಿನ ಬ್ರಿಯಾನ್ ಈನೋ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಹೊರತಂದರು. ಆಲಿಸಿದರೂ ಸರಿ, ಹಿನ್ನೆಲೆಯಲ್ಲಿ ಬಿಟ್ಟರೂ ಸರಿ ಎನ್ನುವ ಈ ಬಗೆಗೆ ಅವರು 'ಆಂಬಿಯೆಂಟ್' ಎಂದು ಹೆಸರಿಟ್ಟರು. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಸಿಂಥಸೈಜರ್‌ನಲ್ಲಿ ನುಡಿಸಿ ಧ್ವನಿಮುದ್ರಿಕೆ ತಂದರು.

ಚಟುವಟಿಕೆ (13 ನಿಮಿಷ): ಈನೋ ಬೇರೆಬೇರೆ ಉದ್ದದ ಟೇಪಿನ ಸುರುಳಿಗಳನ್ನು ಒಟ್ಟಿಗೆ ತಿರುಗಲು ಬಿಟ್ಟರು, ಸ್ವರಗಳು ಪ್ರತಿ ಸಲವೂ ಹೊಸದಾಗಿ ಕೂಡಿದವು. ತರಗತಿಯಲ್ಲಿ ಇದಕ್ಕೆ ಯಂತ್ರ ಬೇಡ. ಮೂರು ಸಾಲುಗಳು ಒಟ್ಟಿಗೆ ಆರಂಭಿಸಿ, ಒಂದು ಸಾಲು ಪ್ರತಿ 3 ಎಣಿಕೆಗೆ, ಇನ್ನೊಂದು 4ಕ್ಕೆ, ಮತ್ತೊಂದು 5ಕ್ಕೆ ತಮ್ಮ ಸ್ವರ ಹೇಳಲಿ. ಮೂರೂ ಮತ್ತೆ ಕೂಡುವುದು 60 ಎಣಿಕೆಗಳ ನಂತರ. ಗಣಿತದ ಲ.ಸಾ.ಅ. ಇಲ್ಲಿ ಕಿವಿಗೇ ಕೇಳಿಸುತ್ತದೆ. ಹಾಡಲು ಬರುವುದಿಲ್ಲ ಎಂದು ಹಿಂದೆ ಸರಿಯುವ ಮಗುವಿಗೂ ಇಲ್ಲೊಂದು ಸ್ವರ ಸಿಗುತ್ತದೆ.

ಚರ್ಚೆ ಮತ್ತು ಮೌಲ್ಯಮಾಪನ (10 ನಿಮಿಷ): "ಮಿಸ್, ಪೆಟ್ಟಿಗೆ ನುಡಿದರೆ ಅದು ಸಂಗೀತ ಆಗುತ್ತಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ತಕ್ಷಣ ಉತ್ತರಿಸಬೇಡಿ. ತಂತಿಯಾಗಲಿ ಸ್ಪೀಕರಾಗಲಿ ಕಂಪಿಸಿ ಗಾಳಿಯನ್ನು ಅಲುಗಿಸುತ್ತದೆ ಎಂಬಷ್ಟನ್ನು ವಿಜ್ಞಾನ ಹೇಳುತ್ತದೆ. ಸಂಗೀತವೇ ಎಂಬುದಕ್ಕೆ ಮಕ್ಕಳು ಕಾರಣಸಹಿತ ಐದು ವಾಕ್ಯ ಬರೆಯಲಿ. ಹೌದು, ಅಲ್ಲ ಎಂಬುದಕ್ಕೆ ಅಂಕ ಬೇಡ; ಕೇಳಿಸಿಕೊಂಡದ್ದರಿಂದ ಕೊಟ್ಟ ಕಾರಣಕ್ಕೆ ಅಂಕ ಇರಲಿ.

ವೀಕ್ಷಕರಿಗೊಂದು ಮಾತು: ಪ್ರಶಿಕ್ಷಣಾರ್ಥಿ ಮಾತಾಡದ ನಿಮಿಷಗಳನ್ನು ವೀಕ್ಷಣಾ ನಮೂನೆಯಲ್ಲಿ ನಿಷ್ಕ್ರಿಯತೆ ಎಂದು ಗುರುತಿಸಿದರೆ ಮುಂದಿನ ಪಾಠದಲ್ಲಿ ಅವರು ಸುಮ್ಮನಿರಲು ಅಂಜುತ್ತಾರೆ. ಈ ಪಾಠದಲ್ಲಿ ಮೌನವೂ ಬೋಧನೋಪಕರಣವೇ.