ಅರೆಟೊಳ್ಳು ಗಿಟಾರ್: ಅಗ್ಗದ್ದೊ, ಬೆಲೆಬಾಳುವುದೊ?

ವಿದ್ಯುತ್ ಗಿಟಾರುಗಳಲ್ಲಿ ಒಡಲೆಲ್ಲ ಗಟ್ಟಿಮರವಾಗಿರುವುದು ಒಂದು ಬಗೆ. ವೀಣೆಯ ಕುಡಿಕೆಯಂತೆ ಒಳಗೆಲ್ಲ ಟೊಳ್ಳಾಗಿರುವುದು ಇನ್ನೊಂದು ಬಗೆ. ಇವೆರಡರ ನಡುವಿನದನ್ನು ಇಂಗ್ಲಿಷಿನಲ್ಲಿ ಸೆಮಿ-ಹಾಲೊ ಎನ್ನುತ್ತಾರೆ. ಅದನ್ನು ನಾನು ಇಲ್ಲಿ ಅರೆಟೊಳ್ಳು ಎಂದು ಕರೆಯುತ್ತೇನೆ. ನಮ್ಮ ಕಾಲೇಜಿನ ವಾದ್ಯಗೋಷ್ಠಿಯ ಗೆಳೆಯರೊಬ್ಬರು ಸಾಲ ಮಾಡಿಯಾದರೂ ಹೆಸರಾಂತ ಕಂಪೆನಿಯ ಅರೆಟೊಳ್ಳು ಗಿಟಾರನ್ನೇ ಕೊಳ್ಳುವೆನೆಂದು ಹಟ ಹಿಡಿದಿದ್ದಾರೆ. ಆ ಸಾಲ ತೀರುವಷ್ಟರಲ್ಲಿ ಅವರ ಎಂ.ಎ. ಕೂಡ ಮುಗಿದಿರುತ್ತದೆ. ಹೆಚ್ಚಿನ ಬೆಲೆಗೆ ದೊರೆಯುವುದಾದರೂ ಏನೆಂಬುದನ್ನು ವಿಚಾರಿಸುವುದು ಆದುದರಿಂದ ಅನಾವಶ್ಯಕವಾಗಲಾರದು.

ಮದುವೆಯ ಚಪ್ಪರದಲ್ಲಿ ಮೈಕು ಇದ್ದಕ್ಕಿದ್ದಂತೆ ಕಿರುಚುವುದನ್ನು ಕೇಳದವರು ಯಾರು? ಟೊಳ್ಳು ಗಿಟಾರಿನ ರೋಗವೂ ಅದೇ. ಸ್ಪೀಕರಿನ ನಾದವು ಒಡಲನ್ನು ನಡುಗಿಸುತ್ತದೆ, ಒಡಲು ತಂತಿಯನ್ನು ನಡುಗಿಸುತ್ತದೆ, ಆ ನಡುಕವನ್ನು ಪಿಕಪ್ ಹಿಡಿದು ಮತ್ತೆ ಸ್ಪೀಕರಿಗೇ ಕಳುಹಿಸುತ್ತದೆ. ಅಮೆರಿಕದ ಲೆಸ್ ಪಾಲ್ ಎಂಬ ವಾದಕ 1940ರ ಸುಮಾರಿನಲ್ಲಿ ಒಂದು ಪೈನ್ ಮರದ ತೊಲೆಗೆ ತಂತಿ ಬಿಗಿದು, ಕಣ್ಣಿಗೆ ಗಿಟಾರಿನಂತೆ ಕಾಣಲೆಂದು ಅದರ ಎರಡು ಪಕ್ಕಕ್ಕೂ ಟೊಳ್ಳು ಗಿಟಾರಿನ ಹೋಳುಗಳನ್ನು ಅಂಟಿಸಿದ. 1958ರಲ್ಲಿ ಗಿಬ್ಸನ್ ಕಂಪೆನಿಯು ಟೆಡ್ ಮೆಕಾರ್ಟಿಯ ಮೇಲ್ವಿಚಾರಣೆಯಲ್ಲಿ ಹೊರತಂದ ಇಎಸ್-335 ಗಿಟಾರಿನಲ್ಲಿಯೂ ನಡುವೆ ಒಂದು ಮೇಪಲ್ ದಿಮ್ಮಿ ಉಂಟು, ಇಕ್ಕೆಲದಲ್ಲಿ ಟೊಳ್ಳು ರೆಕ್ಕೆಗಳುಂಟು. ದಿಮ್ಮಿಯಿಂದ ಕಿರುಚಾಟ ತಗ್ಗುತ್ತದೆ. ರೆಕ್ಕೆಗಳಿಂದ ನಾದಕ್ಕೆ ಕೊಂಚ ಗಾಳಿ ಬರುತ್ತದೆ. ರೋಗ ಪೂರ್ತಿ ವಾಸಿಯಾಗುತ್ತದೆಂದಲ್ಲ. ಬಿ. ಬಿ. ಕಿಂಗ್ ಅವರಂತಹ ವಾದಕರೇ ತಮ್ಮ ಬೆಲೆಬಾಳುವ ಗಿಟಾರಿನ ಎಫ್ ಆಕಾರದ ಕಂಡಿಗಳಿಗೆ ಬಟ್ಟೆ ತುರುಕುತ್ತಿದ್ದರು. 1980ರಲ್ಲಿ ಗಿಬ್ಸನ್ ಅವರ ಹೆಸರಿಗೆ ಸಲ್ಲುವಂತೆ ಕಂಡಿಗಳೇ ಇಲ್ಲದ ಮಾದರಿಯೊಂದನ್ನು ಮಾಡಿತು.

ಈಗ ಬೆಲೆಯ ಮಾತು. ಎಪಿಫೋನ್ ಎಂಬುದು ಒಂದು ಕಾಲಕ್ಕೆ ಗಿಬ್ಸನ್ನಿನ ಪ್ರತಿಸ್ಪರ್ಧಿ. 1957ರಲ್ಲಿ ಗಿಬ್ಸನ್ನಿನ ಒಡೆಯರೇ ಅದನ್ನು ಕೊಂಡುಕೊಂಡರು. ಆ ಹೆಸರಿನಲ್ಲಿ 1997ರಲ್ಲಿ ಡಾಟ್ ಎಂಬ ಅಗ್ಗದ ಅರೆಟೊಳ್ಳು ಗಿಟಾರ್ ಬಂದಿತು. 2020ರಲ್ಲಿ ಎಪಿಫೋನ್ ಇಎಸ್-335 ಎಂಬುದೇ ಬಂದಿತು. ಗಿಬ್ಸನ್ ಒಂದಕ್ಕೆ ತೆರುವ ಹಣದಲ್ಲಿ ಇಂಥವು ನಾಲ್ಕು ಬರುತ್ತವೆ. ಅಗ್ಗದ್ದು ಪ್ಲೈವುಡ್, ಬೆಲೆಯದ್ದು ಅಖಂಡ ಮರ ಎಂದು ಅನೇಕರು ನಂಬಿದ್ದಾರೆ. ಸೋಜಿಗವೆಂದರೆ ಎರಡರ ಒಡಲೂ ಪದರುಪದರಾಗಿ ಅಂಟಿಸಿದ ಹಲಗೆಯೇ. 1958ರ ಮೂಲ ಮಾದರಿಯೂ ಹಾಗೆಯೇ ಇತ್ತು. ಗಿಬ್ಸನ್ನಿನವರದೇ ಇಎಸ್-355 ಎಂಬ ಮೇಲ್ದರ್ಜೆಯ ಗಿಟಾರನ್ನು ನೋಡಿ: ಒಡಲ ಕಟ್ಟಡ ಅದೇ, ಚಿನ್ನದ ಲೇಪ, ಎಬನಿಯ ಹಲಗೆ, ಅಂಚಿನ ಪಟ್ಟಿಗಳು ಹೆಚ್ಚು.

ಬೆರಳಾಡುವ ಹಲಗೆಯ ವಿಷಯದಲ್ಲಿ ನಮಗೆ ಅಭಿಮಾನದ ಸಂಗತಿಯೊಂದಿದೆ. ಗಿಬ್ಸನ್ನಿನ ಇಎಸ್-335ಕ್ಕೆ ಹಾಕುವುದು ರೋಸ್‌ವುಡ್, ಅಂದರೆ ನಮ್ಮ ಬೀಟೆಯ ಕುಲದ ಮರ. ಎಪಿಫೋನಿನದಕ್ಕೆ ಹಾಕಿದ್ದು ಇಂಡಿಯನ್ ಲಾರೆಲ್, ಅಂದರೆ ನಮ್ಮ ಮತ್ತಿ. ಬೀಟೆಯೂ ಮತ್ತಿಯೂ ಮಲೆನಾಡಿನವರಿಗೆ ಹೊಸವಲ್ಲ. 2017ರಲ್ಲಿ ಬೀಟೆಯ ಕುಲಕ್ಕೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧ ಬಂದಾಗ ಹಲವು ತಯಾರಕರು ಬೇರೆ ಮರಗಳ ಕಡೆ ತಿರುಗಿದರು. ಸಿದ್ಧಗೊಂಡ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಮತ್ತಿಯೆಂದ ಮಾತ್ರಕ್ಕೆ ಯಾರೂ ಮೂಗು ಮುರಿಯಬೇಕಾದುದಿಲ್ಲ.

ಹಾಗಾದರೆ ಭೇದವೇ ಇಲ್ಲವೆ? ಉಂಟು, ಅದು ಮರದಲ್ಲಿರುವುದಕ್ಕಿಂತ ಹೆಚ್ಚಾಗಿ ಕೈಕೆಲಸದಲ್ಲಿದೆ. ವೀಣೆಯ ಮೆಟ್ಟಿಲುಗಳು ಸವೆದರೆ, ಮೇಣ ಸಡಿಲಿದರೆ, ಹೊಸದಾಗಿ ಮೇಳ ಕಟ್ಟಿಸುತ್ತೇವೆ. ಯಾರೂ ವೀಣೆಯನ್ನೇ ಬಿಸುಡುವುದಿಲ್ಲ. ದಂಡಿಯೇ ತಿರುಚಿಕೊಂಡರೆ ಮಾತ್ರ ಬಲ್ಲವರೂ ತಲೆಯಾಡಿಸುತ್ತಾರೆ. ಗಿಟಾರಿನಲ್ಲಿಯೂ ಈ ಎರಡನ್ನು ಬೇರೆಬೇರೆಯಾಗಿ ನೋಡತಕ್ಕದ್ದು. ಅಗ್ಗದ ಗಿಟಾರಿನಲ್ಲಿ ಮೆಟ್ಟಿಲುಗಳ ತುದಿ ಕೈಗೆ ಚುಚ್ಚುವುದು, ಒಂದೆರಡು ಮೆಟ್ಟಿಲು ಎದ್ದಿರುವುದು, ತಲೆಯ ಬಳಿಯ ಪಟ್ಟಿಯಲ್ಲಿ ತಂತಿಯ ಗಾಡಿ ಸರಿಯಾಗಿ ಕೊರೆಯದಿರುವುದು ಸಾಮಾನ್ಯ. ಇವೆಲ್ಲ ಕುಶಲ ಕೆಲಸಗಾರನಿಗೆ ಒಂದು ದಿನದ ಕೆಲಸ. ಆದರೆ ಕತ್ತು ತಿರುಚಿದ್ದರೆ, ಅಥವಾ ಒಡಲಿಗೆ ತಪ್ಪು ಕೋನದಲ್ಲಿ ಅಂಟಿದ್ದರೆ, ರಿಪೇರಿಯ ಖರ್ಚು ವಾದ್ಯದ ಬೆಲೆಯನ್ನೇ ಮೀರೀತು.

ವಿದ್ಯುತ್ ಭಾಗಗಳು ಈ ಎರಡರ ನಡುವೆ ನಿಲ್ಲುತ್ತವೆ. ಗಟ್ಟಿ ಗಿಟಾರಿಗೆ ಸಾಮಾನ್ಯವಾಗಿ ಒಂದು ಮುಚ್ಚಳವಿರುತ್ತದೆ. ತಿರುಪು ಬಿಚ್ಚಿದರೆ ತಂತಿಜಾಲ ಕೈಗೆ ಸಿಕ್ಕುತ್ತದೆ. ಅರೆಟೊಳ್ಳಿನಲ್ಲಿ ಬಹುಮಟ್ಟಿಗೆ ಇಂತಹ ಬಾಗಿಲಿಲ್ಲ. ಗುಂಡಿ, ಸ್ವಿಚ್ಚು ಎಲ್ಲವನ್ನೂ ದಾರ ಕಟ್ಟಿ ಎಫ್ ಕಂಡಿಯ ಮೂಲಕ ಹೊರಗೆಳೆದು, ಬೆಸೆದು, ಮತ್ತೆ ಒಳಗೆ ಸೇರಿಸಬೇಕು. ಸೀಸೆಯೊಳಗೆ ಹಡಗು ಕಟ್ಟುವವರ ತಾಳ್ಮೆ ಬೇಕು! ಆದಕಾರಣ ‘ಆಮೇಲೆ ಒಳ್ಳೆಯ ಪಿಕಪ್ ಹಾಕಿಸಿದರಾಯಿತು’ ಎಂಬ ಅಂಗಡಿಯವನ ಮಾತಿಗೆ ಮರುಳಾಗಬಾರದು. ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಂಗಡಿಯಲ್ಲಿ ನಾನು ನೋಡುವುದಿಷ್ಟು. ಕತ್ತನ್ನು ತುದಿಯಿಂದ ಬಾಣದಂತೆ ಗುರಿಯಿಟ್ಟು ನೋಡುತ್ತೇನೆ. ತುಸು ಬಾಗಿದ್ದರೆ ಒಳಗಿನ ಉಕ್ಕಿನ ಸರಳನ್ನು ತಿರುಗಿಸಿ ಸರಿಪಡಿಸಬಹುದು; ತಿರುಚಿದ್ದರೆ ಬಿಟ್ಟು ಬರುವುದೇ ಲೇಸು. ಪ್ರತಿ ಮೆಟ್ಟಿಲಿನಲ್ಲೂ ನುಡಿಸಿ, 12ನೆಯದರ ಆಚೆ ತಂತಿಯನ್ನು ಎಳೆದು ನಾದ ಸಾಯುತ್ತದೆಯೇ ಎಂದು ಕೇಳುತ್ತೇನೆ. ಗುಂಡಿಗಳನ್ನು ತಿರುಗಿಸಿ ಕರಕರ ಸದ್ದಿದೆಯೇ ಎಂದು ಪರೀಕ್ಷಿಸುತ್ತೇನೆ. ಕಂಡಿಯೊಳಗೆ ಇಣುಕಿ ನಡುವಣ ದಿಮ್ಮಿಯನ್ನು ಕಣ್ಣಾರೆ ಕಾಣುತ್ತೇನೆ. ಏಕೆಂದರೆ ಹೊರನೋಟಕ್ಕೆ ಒಂದೇ ತೆರನಾಗಿದ್ದು ಒಳಗೆ ಪೂರ್ತಿ ಟೊಳ್ಳಾದವೂ ಇವೆ. ಬೀಟಲ್ಸ್ ತಂಡದವರು ನುಡಿಸಿದ ಎಪಿಫೋನ್ ಕ್ಯಾಸಿನೊ ಅಂಥದು. ಒಳ್ಳೆಯ ವಾದ್ಯವೇ, ಆದರೆ ಬೇರೆ ಜಾತಿಯದು.

ದಿನವೂ ವೇದಿಕೆಯಲ್ಲಿ ನುಡಿಸಿ ಹೊಟ್ಟೆ ಹೊರೆಯುವವರಿಗೆ ಬೆಲೆಯ ಗಿಟಾರು ಸಲ್ಲುತ್ತದೆ. ಕೈಕೆಲಸ ಮೊದಲೇ ಮುಗಿದಿರುತ್ತದೆ; ಮಾರುವ ದಿನ ಬಂದರೂ ಕೊಳ್ಳುವವರು ಸಿಕ್ಕುತ್ತಾರೆ. ಗೆಳೆಯರಿಗೆ ನಾನು ಹೇಳಿರುವುದು ಬೇರೆ. ಅಗ್ಗದವುಗಳಲ್ಲಿಯೇ ನಾಲ್ಕಾರನ್ನು ಕೈಗೆತ್ತಿಕೊಂಡು, ಕತ್ತು ನೆಟ್ಟಗಿರುವುದನ್ನು ಆರಿಸಿಕೊಳ್ಳಿ. ಮೆಟ್ಟಿಲು ತಿದ್ದಿಸುವ ಕೂಲಿಯನ್ನು ಬೆಲೆಯ ಭಾಗವೆಂದೇ ತಿಳಿಯಿರಿ. ಉಳಿದ ಹಣದಲ್ಲಿ ಒಂದು ಒಳ್ಳೆಯ ಆಂಪ್ಲಿಫೈಯರನ್ನು ನೋಡಿ. ಅವರು ಇನ್ನೂ ಒಪ್ಪಿಲ್ಲ. ಬರುವ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನುಡಿಸಿ ನೋಡುವುದೆಂದು ತೀರ್ಮಾನವಾಗಿದೆ.