ಚೀನೀಯರ ಆಚಾರಭೇದವೂ ಬಾಲಿಕೆಯರ ವಿದ್ಯಾಭ್ಯಾಸವೂ

ಚೀನೀಯರೆಲ್ಲರೂ ಒಂದೇ ನುಡಿ, ಒಂದೇ ನಡೆಯುಳ್ಳವರೆಂದು ನಾವು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಆ ಮಹಾಜನಾಂಗದೊಳಗೆ ಭಾಷೆಯಲ್ಲಿಯೂ ಗೃಹಾಚಾರದಲ್ಲಿಯೂ ಭಿನ್ನವಾದ ಅನೇಕ ಪಂಗಡಗಳಿವೆ. ಈ ಭೇದವು ಹೆಣ್ಣುಮಕ್ಕಳ ವಿದ್ಯೆಯ ಮೇಲೆ ಎಂತಹ ಪರಿಣಾಮವನ್ನುಂಟುಮಾಡಿತೆಂಬುದನ್ನು ಹತ್ತೊಂಬತ್ತನೆಯ ಶತಮಾನದ ಮೂರು ನಿದರ್ಶನಗಳಿಂದ ತಿಳಿಯಬಹುದು.

ಮೊದಲನೆಯದು ಪಾದಬಂಧನ. ಬಹುಮಂದಿ ಚೀನೀಯರ ಮನೆಗಳಲ್ಲಿ ಎಳೆಯ ಬಾಲಿಕೆಯರ ಪಾದಗಳನ್ನು ಬಟ್ಟೆಯಿಂದ ಬಿಗಿದು ಕಿರಿದುಮಾಡುತ್ತಿದ್ದರು. ಪಾದವು ಕಿರಿದಾಗದಿದ್ದರೆ ಮಗಳಿಗೆ ತಕ್ಕ ವರನು ದೊರೆಯನೆಂಬ ಭಯವೇ ತಾಯಂದಿರ ಕೈಯಿಂದ ಈ ಕಾರ್ಯವನ್ನು ಮಾಡಿಸುತ್ತಿತ್ತು. ನೋವಿನಿಂದ ನಡೆಯುವ ಮಗುವು ದೂರದ ಶಾಲೆಗೆ ದಿನವೂ ಹೋಗುವುದೆಂತು? 1844ರಲ್ಲಿ ಮಿಸ್ ಆಲ್ಡರ್ಸೆ ಎಂಬ ಆಂಗ್ಲ ಮಹಿಳೆಯು ನಿಂಗ್‌ಪೊ ನಗರದಲ್ಲಿ ಬಾಲಿಕಾ ಪಾಠಶಾಲೆಯನ್ನು ಸ್ಥಾಪಿಸಿದರು. ಮುಂದೆ ಹಲವು ಮಿಶನ್ ಶಾಲೆಗಳು, ಪಾದಬಂಧನವನ್ನು ಬಿಡಲೊಪ್ಪುವವರನ್ನು ಮಾತ್ರವೇ ಸೇರಿಸಿಕೊಳ್ಳುವ ನಿಯಮವನ್ನಿಟ್ಟವು.

ಎರಡನೆಯದು ಹಕ್ಕಾ ಪಂಗಡ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನೇ 1847ರಲ್ಲಿ ಹಾಂಬರ್ಗ್, ಲೆಖ್ಲರ್ ಎಂಬ ಬೋಧಕರನ್ನು ಹಾಂಗ್‌ಕಾಂಗಿಗೆ ಕಳುಹಿಸಿತು. ಆ ಮಿಶನ್ನಿನ ಸೇವೆಯು ಹಕ್ಕಾ ಜನರಲ್ಲಿಯೇ ವಿಶೇಷವಾಗಿ ಬೇರೂರಿತು. ಹಕ್ಕಾ ಸ್ತ್ರೀಯರು ಪಾದಗಳನ್ನು ಬಿಗಿಯುತ್ತಿರಲಿಲ್ಲ. ಹೊಲದಲ್ಲಿ ದುಡಿದು, ಹೊರೆ ಹೊತ್ತು ಸಂಸಾರವನ್ನು ನಡೆಸುತ್ತಿದ್ದರು. ಹಾಗಾದರೆ ಅವರ ಹೆಣ್ಣುಮಕ್ಕಳಿಗೆ ವಿದ್ಯೆಯು ಸುಲಭವಾಯಿತೇ? ಇಲ್ಲ. ನಡೆಯಬಲ್ಲ ಮಗಳ ಕೈಗಳು ಮನೆಗೂ ಹೊಲಕ್ಕೂ ಬೇಕಾಗಿದ್ದವು. ಅನೇಕ ಬಾಲಿಕೆಯರನ್ನು ಶೈಶವದಲ್ಲಿಯೇ ಭಾವೀ ಗಂಡನ ಮನೆಗೆ ಒಪ್ಪಿಸುವ ವಾಡಿಕೆಯೂ ಇದ್ದಿತು. ಕಾಲಿಗೆ ಬಂಧನವಿಲ್ಲದಿದ್ದರೂ ಕೈಗೆ ಬಿಡುವಿರಲಿಲ್ಲ.

ಮೂರನೆಯದು, ಸಿಂಗಾಪುರದಲ್ಲಿ ತಲೆಮಾರುಗಳಿಂದ ನೆಲೆಸಿದ ಚೀನೀ ಮನೆತನಗಳು. ಇವರ ಮನೆಮಾತು ಮಲಯವಾಗಿತ್ತು. ಬೆಳೆದ ಹೆಣ್ಣುಮಕ್ಕಳು ಮನೆಯ ಹೊಸ್ತಿಲನ್ನು ದಾಟುವುದು ಆಗ ವಿರಳವಾಗಿತ್ತು. 1887ರಲ್ಲಿ ಅಲ್ಲಿಗೆ ಬಂದ ಮಿಸ್ ಸೋಫಿಯಾ ಬ್ಲ್ಯಾಕ್‌ಮೋರರು ಮಲಯ ಭಾಷೆಯನ್ನು ಕಲಿತು, ಮನೆಮನೆಗೂ ಹೋಗಿ ತಾಯಂದಿರ ವಿಶ್ವಾಸವನ್ನು ಗಳಿಸಿದರು. 1899ರಲ್ಲಿ ಲಿಮ್ ಬೂನ್ ಕೆಂಗ್, ಸೊಂಗ್ ಓಂಗ್ ಸಿಯಾಂಗ್ ಮೊದಲಾದ ಆ ಸಮಾಜದ ವಿದ್ಯಾವಂತರೇ ತಮ್ಮ ಬಾಲಿಕೆಯರಿಗಾಗಿ ಶಾಲೆಯನ್ನು ತೆರೆದರು.

ಚೀನಾ ಸರಕಾರವು ಬಾಲಿಕಾ ಪಾಠಶಾಲೆಗಳಿಗೆ ನಿಯಮಗಳನ್ನು ರಚಿಸಿದುದು 1907ರಲ್ಲಿ. ಅಷ್ಟರೊಳಗೆ ಮನೆಗಳಲ್ಲಿ ಬಹಳ ಕೆಲಸ ನಡೆದುಹೋಗಿತ್ತು.

ಈ ಮೂರು ಅಡ್ಡಿಗಳಲ್ಲಿ ಒಂದಾದರೂ ಮಗಳ ಮೇಲಣ ದ್ವೇಷದಿಂದ ಹುಟ್ಟಿದುದಲ್ಲ. ವಿವಾಹದ ಚಿಂತೆ, ಬಡತನ, ಮಾನದ ಭಯ ಇವೇ ಮೂಲ. ಆದಕಾರಣ ಎಲ್ಲಕ್ಕೂ ಒಂದೇ ಮದ್ದು ಸಲ್ಲದು; ಆಯಾ ಮನೆಯ ಕಷ್ಟವನ್ನು ಅರಿತ ಶಾಲೆಯೇ ಅಲ್ಲಿನ ಮಗಳನ್ನು ಹೊರಗೆ ತರಬಲ್ಲುದು. ಈ ಮೂರು ಕಾರಣಗಳು ನಮ್ಮ ನಾಡಿನವರಿಗೂ ಅಪರಿಚಿತವಲ್ಲ. ಮಗಳ ಓದನ್ನು ನಿಲ್ಲಿಸುವ ಮಾತು ಮನೆಯಲ್ಲಿ ಎದ್ದಾಗ, ಇವುಗಳಲ್ಲಿ ಯಾವುದು ಅದನ್ನು ಆಡಿಸುತ್ತಿದೆಯೆಂದು ತಂದೆತಾಯಿಗಳು ವಿಚಾರಿಸಿ ನೋಡಲಿ.