ಉರಿ ಬಿಸಿಲು, ಒಣ ಮೇವು: ಹೈನುರಾಸಿನ ಒಳಬೇಗೆ ತಗ್ಗಿಸುವುದು ಹೇಗೆ?

ಏಪ್ರಿಲ್ ಹೊತ್ತಿಗೆ ಬಾಗಲಕೋಟೆ, ಹುನಗುಂದ, ಇಳಕಲ್ ಸೀಮೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹಾಲು ಇಳಿಯುತ್ತದೆ, ಎಮ್ಮೆ ಬೆದೆಗೆ ಬರುವುದಿಲ್ಲ, ಈದ ಆಕಳಿಗೆ ಮಾಸು ಬೀಳುವುದಿಲ್ಲ. ತಪ್ಪೆಲ್ಲ ಬಿಸಿಲಿನದೇ ಎನ್ನುತ್ತೇವೆ. ಆದರೆ ಗೋದಲಿಯ ಪಾಲೂ ಇದರಲ್ಲಿ ದೊಡ್ಡದು. ದೇಹ ಆಮ್ಲಜನಕ ಬಳಸುವಾಗ ಹುಟ್ಟುವ ಫ್ರೀ ರ್‍ಯಾಡಿಕಲ್ ಎಂಬ ಕಣಗಳು ಜೀವಕೋಶದ ಪೊರೆಯನ್ನು ಕೆಡಿಸುತ್ತವೆ. ಅವನ್ನು ಹತ್ತಿಕ್ಕಲು ಇ ಜೀವಸತ್ವ, ಸೆಲೆನಿಯಂ, ಸತು, ತಾಮ್ರ ಬೇಕು. ಮೈಕಾವು ಏರಿದರೆ ಈ ಕಣಗಳು ಹೆಚ್ಚುತ್ತವೆ, ಹಸಿರು ತಪ್ಪಿದರೆ ತಡೆಯುವ ಬಲ ಕುಗ್ಗುತ್ತದೆ. ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಒಳಬೇಗೆ, ಎನ್ನುವುದು ಇದಕ್ಕೇ. ಹಸಿ ಹುಲ್ಲಿನಲ್ಲಿ ಧಾರಾಳವಾಗಿರುವ ಇ ಜೀವಸತ್ವ, ಬಣವಿಯಲ್ಲಿ ಬಿಸಿಲುಂಡು ಬೆಳ್ಳಗಾದ ಜೋಳದ ಕಣಿಕೆಯಲ್ಲಿ ಹೆಸರಿಗಷ್ಟೇ ಉಳಿದಿರುತ್ತದೆ. ಅಮೆರಿಕದ ಓಹಿಯೋದಲ್ಲಿ ಹಾಲು ಬತ್ತಿಸಿದ ಗಬ್ಬದ ಆಕಳುಗಳಿಗೆ ಈ ಜೀವಸತ್ವ ಕೊಟ್ಟು ನೋಡಿದ ಪ್ರಯೋಗವೊಂದು 1984ರಲ್ಲಿ ಪ್ರಕಟವಾಯಿತು. ಅಲ್ಲಿ ಕೆಚ್ಚಲು ಬಾವು ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿದಿತ್ತು.

ಹಿರಿಯರ ಕಾಲದ ದನಗಳು ಕಣಿಕೆ ತಿಂದೇ ಬದುಕಲಿಲ್ಲವೇ ಎಂದು ಕೇಳುವವರಿದ್ದಾರೆ. ಬದುಕಿದವು, ನಿಜ. ಆದರೆ ಅವು ಬಿಸಿಲಿಗೆ ಒಗ್ಗಿದ ಬಿಳಿ ಮೈಯ ಖಿಲಾರಿಗಳು. ಹಾಲು ಕರುವಿಗಾದರೆ ಸಾಕಿತ್ತು. ಇಂದು ಹಟ್ಟಿಯಲ್ಲಿರುವುದು ಹತ್ತು ಲೀಟರ್ ಕರೆಯುವ ಎಚ್‌ಎಫ್ ಮಿಶ್ರತಳಿ, ಇಲ್ಲವೇ ಮುರ್ರಾ ಎಮ್ಮೆ. ಹಾಲು ಹೆಚ್ಚಾದಷ್ಟೂ ಒಳಗಿನ ದುಡಿಮೆ ಹೆಚ್ಚು, ಆ ಕಣಗಳೂ ಹೆಚ್ಚು.

ಹಾಗಾಗಿ ಮೊದಲು ಕಾವು ಇಳಿಸಬೇಕು. ರಾಸು ನೆರಳಲ್ಲಿ ನಿಂತಿರುವಾಗ ಪಕ್ಕೆಯ ಏರಿಳಿತ ಎಣಿಸಿ. ನಿಮಿಷಕ್ಕೆ 60 ದಾಟಿದರೆ ಅದು ಬೇಯುತ್ತಿದೆ ಎಂದೇ ಅರ್ಥ. ತಗಡಿನ ಮೇಲೆ ಸುಣ್ಣ ಬಳಿದು ತೊಗರಿ ಕಟ್ಟಿಗೆ ಹರವಿ. ಬಾದಾಮಿ ಕಡೆಯ ಕಲ್ಲಿನ ಗೋಡೆಗಳು ಹಗಲಿನ ಕಾವನ್ನು ರಾತ್ರಿಯೂ ಉಗುಳುತ್ತವೆ. ಅಲ್ಲಿ ಸಂಜೆಯಾದ ಮೇಲೆ ದನಗಳನ್ನು ಅಂಗಳದಲ್ಲಿ ಕಟ್ಟುವುದೇ ಲೇಸು. ಎಮ್ಮೆಗೆ ಬೆವರು ಗ್ರಂಥಿಗಳು ಕಡಿಮೆ. ಮಲಪ್ರಭಾ ಹೊಳೆ ಬತ್ತಿ ಮುಳುಗಲು ನೀರಿಲ್ಲದಾಗ ದಿನಕ್ಕೆರಡು ಸಲ ಮೈಮೇಲೆ ನೀರು ಹೊಯ್ಯಬೇಕು. ಗಾಳಿಯಾಡದ ಕಡೆ ನೀರು ಹೊಯ್ದರೆ ಬರೀ ಸೆಕೆ. ಕುಡಿಯುವ ನೀರು ಹಗಲೂ ರಾತ್ರಿ ಮುಂದಿರಲಿ. ಕಣಿಕೆಯನ್ನು ಸಂಜೆ, ಬೆಳಗಿನ ಜಾವ ಹಾಕಿ.

ಆಮೇಲೆ ಹಸಿರು. ಹುನಗುಂದದ ಎರೆಹೊಲದಲ್ಲಿ ಬೇಸಿಗೆಗೆ ಹಸಿ ಮೇವು ಎಲ್ಲಿಂದ ತರೋಣ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೊಟ್ಟೆ ತುಂಬುವಷ್ಟು ಬೇಕಿಲ್ಲ. ಬಚ್ಚಲ ನೀರಿಗೆ ಬೆಳೆಯುವ ನುಗ್ಗೆ, ಬದುವಿನ ಸುಬಾಬುಲ್, ನಾಲ್ಕು ಸಾಲು ನೇಪಿಯರ್‌ನಿಂದ ದಿನಕ್ಕೆ ನಾಲ್ಕೈದು ಕಿಲೋ ಸಿಕ್ಕರೂ ಕಣಿಕೆಯ ಕೊರತೆ ಬಹಳಷ್ಟು ನೀಗುತ್ತದೆ. ಬೂಸು ಹಿಡಿದ ಶೇಂಗಾ ಹಿಂಡಿಯನ್ನು ಮಾತ್ರ ಹಾಕಲೇಬೇಡಿ. ಅದರಲ್ಲಿರುವ ಅಫ್ಲಾಟಾಕ್ಸಿನ್ ವಿಷ ಇದೇ ಒಳಬೇಗೆಯನ್ನು ಹೆಚ್ಚಿಸುತ್ತದೆ.

ಇಷ್ಟೆಲ್ಲ ಯಾಕೆ, ಒಂದು ಇಂಜೆಕ್ಷನ್ ಸಾಲದೇ ಎನ್ನುವವರಿಗೆ ಒಂದು ಮಾತು. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ ಕೊಡಿ, ಅಡ್ಡಿಯಿಲ್ಲ. ಸೆಲೆನಿಯಂ ಹಾಗಲ್ಲ: ಒಣ ಆಹಾರದ ಕಿಲೋಗೆ 0.3 ಮಿಲಿಗ್ರಾಂ ಸಾಕು, ಮಿತಿಮೀರಿದರೆ ಅದೇ ವಿಷ. ಈಯುವುದಕ್ಕೆ ಮೂರು ವಾರ ಮೊದಲು ಇ ಜೀವಸತ್ವ–ಸೆಲೆನಿಯಂ ಚುಚ್ಚುಮದ್ದು ಬೇಕೇ ಎಂದು ಪಶುವೈದ್ಯರನ್ನೇ ಕೇಳಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಕರೆ ಮಾಡುವ ಸಂಖ್ಯೆ 1962.